ಬದಿಗೆ ಸರಿದು ಗೆದ್ದವರು

ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯನ್ನು ಎಷ್ಟೋ ವರ್ಷಗಳಿಂದ ನೋಡುತ್ತ ಬಂದಿದ್ದೇನೆ. ದೊಡ್ಡ ತಂಡಗಳ ನೆನಪಿಗೆ ಕೊರತೆಯಿಲ್ಲ. ಗೆಲುವಿನ ಲೆಕ್ಕವನ್ನೇ ಹಿಡಿದು ಕೂತರೆ 1995-96ರಲ್ಲಿ 72 ಪಂದ್ಯ ಗೆದ್ದು ಕಿರೀಟ ತೊಟ್ಟ ಶಿಕಾಗೊ ಬುಲ್ಸ್ ಇದೆ. 2015-16ರಲ್ಲಿ 73 ಪಂದ್ಯ ಗೆದ್ದೂ ಫೈನಲ್ಸ್‌ನಲ್ಲಿ ಸೋತ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಇದೆ. ಮರುವರ್ಷ ಇಡೀ ಪ್ಲೇಆಫ್‌ನಲ್ಲಿ ಒಂದೇ ಒಂದು ಪಂದ್ಯ ಬಿಟ್ಟುಕೊಟ್ಟ ಅದೇ ವಾರಿಯರ್ಸ್ ಇದೆ. ಆದರೂ ಬಾಸ್ಕೆಟ್‌ಬಾಲ್ ಅಂದೊಡನೆ ನನ್ನ ಮನಸ್ಸು ಹೋಗುವುದು 2013-14ರ ಸ್ಯಾನ್ ಆ್ಯಂಟೋನಿಯೊ ಸ್ಪರ್ಸ್ ತಂಡದ ಕಡೆಗೆ. ಆ ಋತುವಿನಲ್ಲಿ ಅವರು ಗೆದ್ದದ್ದು 62 ಪಂದ್ಯ. ಲೀಗಿನಲ್ಲಿ ಆ ವರ್ಷದ ಮಟ್ಟಿಗೆ ಅದೇ ಅತಿ ಹೆಚ್ಚಾದರೂ ಚರಿತ್ರೆಯ ದಾಖಲೆಗಳ ಪಕ್ಕದಲ್ಲಿಟ್ಟರೆ ಅಂಥ ದೊಡ್ಡ ಸಂಖ್ಯೆಯೇನಲ್ಲ. ನನ್ನನ್ನು ಇಂದಿಗೂ ಹಿಡಿದಿಟ್ಟಿರುವ ಸಂಖ್ಯೆ ಬೇರೆ: ಆ ತಂಡದ ಒಬ್ಬನೇ ಒಬ್ಬ ಆಟಗಾರ ಕೂಡ ಪಂದ್ಯಕ್ಕೆ ಸರಾಸರಿ 30 ನಿಮಿಷ ಆಡಲಿಲ್ಲ. ಪಂದ್ಯವಿರುವುದು 48 ನಿಮಿಷ. ಬೇರೆ ತಂಡಗಳ ದೊಡ್ಡ ಆಟಗಾರರು 36, 38 ನಿಮಿಷ ಅಂಗಣದಲ್ಲಿರುತ್ತಿದ್ದ ಕಾಲ ಅದು. ಅತಿ ಹೆಚ್ಚು ಅಂಕ ಗಳಿಸಿದ ಟೋನಿ ಪಾರ್ಕರ್‌ನ ಸರಾಸರಿ 17ನ್ನೂ ಮುಟ್ಟಲಿಲ್ಲ. ಕಪ್ ಗೆದ್ದ ತಂಡವೊಂದರಲ್ಲಿ ಹೊರೆ ಇಷ್ಟು ಹರಡಿಹೋಗಿದ್ದನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಅಮೆರಿಕದ ರಾತ್ರಿಯ ಆಟ ನಮ್ಮಲ್ಲಿ ಬೆಳಗಿನ ಹೊತ್ತಿಗೆ ಶುರುವಾಗುತ್ತದೆ. 2014ರ ಜೂನ್ ತಿಂಗಳ ಆ ಫೈನಲ್ಸ್‌ನಲ್ಲಿ ಎದುರಾಳಿ ಮಯಾಮಿ ಹೀಟ್. ಲೆಬ್ರಾನ್ ಜೇಮ್ಸ್, ಡ್ವೇನ್ ವೇಡ್, ಕ್ರಿಸ್ ಬಾಷ್ ಇದ್ದ, ಹಿಂದಿನ ಎರಡು ವರ್ಷವೂ ಕಪ್ ಗೆದ್ದಿದ್ದ ತಂಡ. ಮೊದಲ ಪಂದ್ಯದಲ್ಲಿ ಸ್ಯಾನ್ ಆ್ಯಂಟೋನಿಯೊ ಕ್ರೀಡಾಂಗಣದ ಹವಾನಿಯಂತ್ರಣ ಕೆಟ್ಟು, ಲೆಬ್ರಾನ್ ಕಾಲು ಸೆಟೆದುಕೊಂಡು ಹೊರಗೆ ಕೂತರು. ಆ ಫಲಿತಾಂಶವನ್ನು ಲೆಕ್ಕಕ್ಕೆ ಹಿಡಿಯದಿದ್ದರೂ ಸರಿ. ಎರಡನೆಯದನ್ನು ಮಯಾಮಿ ಎರಡು ಅಂಕದಿಂದ ಗೆದ್ದಿತು. ಆಮೇಲೆ ಮಯಾಮಿಯಲ್ಲೇ ನಡೆದ ಮೂರನೇ ಪಂದ್ಯದ ಮೊದಲರ್ಧದಲ್ಲಿ ಸ್ಪರ್ಸ್ ಎಸೆದ 33ರಲ್ಲಿ 25 ಬುಟ್ಟಿಗೆ ಬಿದ್ದವು, 71 ಅಂಕ ಬಂದವು. ಫೈನಲ್ಸ್‌ನ ಅರ್ಧ ಪಂದ್ಯವೊಂದರಲ್ಲಿ ಎಸೆತಗಳು ಆ ಪ್ರಮಾಣದಲ್ಲಿ ಕೈಗೂಡಿದ್ದು ಅದಕ್ಕೆ ಮೊದಲು ಇರಲಿಲ್ಲ. ಕೋಚ್ ಗ್ರೆಗ್ ಪೊಪೊವಿಚ್ ಆ ದಿನ ಟಿಯಾಗೊ ಸ್ಪ್ಲಿಟರ್ ಬದಲು ಬೋರಿಸ್ ಡಿಯಾವ್‌ನನ್ನು ಮೊದಲ ಐವರಲ್ಲಿ ಇಳಿಸಿದ್ದರು. ಡಿಯಾವ್ ಎತ್ತರದ, ಭಾರವಾದ ಮೈಯವನು. ಆದರೆ ಪಾಸ್ ಕೊಡುವುದರಲ್ಲಿ ಕಣ್ಣು ಚುರುಕು. ಎರಡು ವರ್ಷ ಹಿಂದೆ ಷಾರ್ಲಟ್ ತಂಡ ಬೇಡವೆಂದು ಕೈಬಿಟ್ಟಿದ್ದ ಆಟಗಾರ. ಚೆಂಡು ಕೈಗೆ ಬಂದ ಅರ್ಧ ಸೆಕೆಂಡಿನೊಳಗೆ ಎಸೆಯಬೇಕು, ನುಗ್ಗಬೇಕು, ಇಲ್ಲವೇ ಇನ್ನೊಬ್ಬನಿಗೆ ದಾಟಿಸಬೇಕು ಎಂಬುದು ಆ ತಂಡದ ನಿಯಮ. ಒಬ್ಬ ಒಳನುಗ್ಗುತ್ತಾನೆ, ರಕ್ಷಣೆ ಅವನ ಸುತ್ತ ಕುಗ್ಗುತ್ತದೆ, ಚೆಂಡು ಮೂಲೆಗೆ ಹಾರುತ್ತದೆ. ಮೂಲೆಯವನಿಗೆ ಎಸೆಯಲು ಸಾಕಷ್ಟು ಜಾಗವಿದ್ದರೂ ಪಕ್ಕದವನಿಗೆ ಇನ್ನೂ ಹೆಚ್ಚು ಜಾಗ ಕಂಡರೆ ಚೆಂಡು ಅಲ್ಲಿಗೆ ಹೋಗುತ್ತದೆ. ಕೊನೆಯ ಮೂರು ಪಂದ್ಯಗಳನ್ನು ಸ್ಪರ್ಸ್ ಗೆದ್ದದ್ದು 19, 21, 17 ಅಂಕಗಳ ಅಂತರದಲ್ಲಿ. ಐದೂ ಪಂದ್ಯ ಸೇರಿಸಿದರೆ 70 ಅಂಕದ ಮೇಲುಗೈ.

ಈ ಗೆಲುವಿಗೆ ಎಲ್ಲರೂ ಕೊಡುವ ವಿವರಣೆ ಒಂದೇ: ವ್ಯವಸ್ಥೆ ಗೆದ್ದಿತು. ತಾರೆಗಳನ್ನು ತಂಡ ಸೋಲಿಸಿತು, ಪೊಪೊವಿಚ್ ರೂಪಿಸಿದ ಪದ್ಧತಿಯೊಳಗೆ ಯಾರನ್ನು ಹಾಕಿದರೂ ಅದು ನಡೆಯುತ್ತಿತ್ತು ಎಂಬ ಮಾತು ಆಗಲೂ ಇತ್ತು, ಈಗಲೂ ಇದೆ. ಕೇಳಲು ಹಿತವಾದ ಮಾತು, ಆದರೆ ನಿಜವಲ್ಲ. ಆ ತಂಡದಲ್ಲಿ ತಾರೆಗಳಿರಲಿಲ್ಲ ಎನ್ನುವುದೇ ಸುಳ್ಳು. ಟಿಮ್ ಡಂಕನ್ ಎರಡು ಬಾರಿ ಲೀಗಿನ ಅತ್ಯುತ್ತಮ ಆಟಗಾರನಾದವರು, ಮೂರು ಬಾರಿ ಫೈನಲ್ಸ್‌ನ ಅತ್ಯುತ್ತಮ ಆಟಗಾರನಾದವರು. ಪಾರ್ಕರ್ 2007ರ ಫೈನಲ್ಸ್‌ನಲ್ಲಿ ಅದೇ ಪ್ರಶಸ್ತಿ ಪಡೆದವನು. ಮನು ಜಿನೊಬಿಲಿ 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕವನ್ನು ಸೆಮಿಫೈನಲ್‌ನಲ್ಲೇ ಕೆಡವಿ ಚಿನ್ನ ಗೆದ್ದ ಅರ್ಜೆಂಟೀನಾದ ನಾಯಕಮಣಿ. ತಾರೆಗಳು ಇದ್ದರು, ಆದರೆ ತಮ್ಮ ಹೊತ್ತು ಇಳಿಯುವ ಮುಂಚೆಯೇ ನಡುವಿನಿಂದ ಬದಿಗೆ ಸರಿಯಲು ಒಪ್ಪಿದ್ದರು. 2014ರಲ್ಲಿ ನಾವು ಕಂಡ ಪಾಸ್‌ಗಳ ಸೊಗಸು ಕೋಚ್ ಒಬ್ಬರ ಹಲಗೆಯ ಮೇಲಿನ ಗೆರೆಗಳಿಂದ ಹುಟ್ಟಿದ್ದಲ್ಲ. ಹದಿನೇಳು ವರ್ಷಗಳಲ್ಲಿ ಒಂದಾದ ಮೇಲೊಂದು ನಡೆದ ಕೈಬದಲಾವಣೆಗಳಿಂದ ಹುಟ್ಟಿದ್ದು. ಮನೆಯ ಹಿರಿಯರು ಗಟ್ಟಿಮುಟ್ಟಾಗಿರುವಾಗಲೇ ಬೀಗದ ಕೈಗೊಂಚಲನ್ನು ಕಿರಿಯರ ಕೈಗೆ ಕೊಟ್ಟು, ಆಮೇಲೂ ಅದೇ ಮನೆಯಲ್ಲಿ ನೆಮ್ಮದಿಯಾಗಿ ಇರುವುದು ಎಷ್ಟು ಅಪರೂಪವೋ ವೃತ್ತಿಪರ ಕ್ರೀಡೆಯಲ್ಲಿ ಇದೂ ಅಷ್ಟೇ ಅಪರೂಪ.

ಮೊದಲ ಕೈಬದಲಾವಣೆ ಡೇವಿಡ್ ರಾಬಿನ್‌ಸನ್ ಅವರದು. ಅದರ ಬೆಲೆ ತಿಳಿಯಬೇಕಾದರೆ ಅವರು ಎಲ್ಲಿದ್ದರು ಎಂಬುದನ್ನು ನೆನೆಯಬೇಕು. ತಂಡಗಳು ಹೊಸ ಆಟಗಾರರನ್ನು ಸರದಿಯಲ್ಲಿ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ 1987ರಲ್ಲಿ ಮೊದಲ ಆಯ್ಕೆಯಾಗಿ, ಎರಡು ವರ್ಷ ನೌಕಾಪಡೆಯ ಕರ್ತವ್ಯ ಮುಗಿಸಿ, 1989ರಲ್ಲಿ ಅಂಗಣಕ್ಕಿಳಿದವರು. 1994ರಲ್ಲಿ ಇಡೀ ಲೀಗಿನಲ್ಲಿ ಅತಿ ಹೆಚ್ಚು ಸರಾಸರಿ ಅಂಕ ಗಳಿಸಿದವರು, ಆ ಋತುವಿನ ಕೊನೆಯ ಪಂದ್ಯದಲ್ಲಿ ಒಬ್ಬರೇ 71 ಅಂಕ ಹೊಡೆದವರು. 1995ರಲ್ಲಿ ಲೀಗಿನ ಅತ್ಯುತ್ತಮ ಆಟಗಾರ. 1996-97ರಲ್ಲಿ ಗಾಯದಿಂದ ಆರೇ ಪಂದ್ಯ ಆಡಿದರು. ತಂಡ 20 ಗೆದ್ದು 62 ಸೋತಿತು. ಆ ಸೋಲಿನ ಫಲವಾಗಿಯೇ 1997ರಲ್ಲಿ ಮೊದಲ ಆಯ್ಕೆಯ ಅದೃಷ್ಟ ಸ್ಯಾನ್ ಆ್ಯಂಟೋನಿಯೊಗೆ ಒಲಿದು ಡಂಕನ್ ಬಂದರು. ವರ್ಜಿನ್ ಐಲ್ಯಾಂಡ್ಸ್‌ನ ಸೇಂಟ್ ಕ್ರಾಯ್ ದ್ವೀಪದ ಹುಡುಗ. ಈಜುಗಾರನಾಗಬೇಕಿದ್ದವನು, 1989ರ ಹ್ಯೂಗೊ ಚಂಡಮಾರುತ ಅಲ್ಲಿನ ಈಜುಕೊಳವನ್ನು ಹಾಳುಗೆಡವಿದ ಮೇಲೆ ಬಾಸ್ಕೆಟ್‌ಬಾಲ್‌ಗೆ ಬಂದವನು. ರಾಬಿನ್‌ಸನ್ ಆ ಬೇಸಿಗೆಯಲ್ಲಿ ಅವನನ್ನು ಕೊಲೊರಾಡೊದ ತಮ್ಮ ಮನೆಗೆ ಕರೆದು ಜೊತೆಯಲ್ಲಿ ಅಭ್ಯಾಸ ಮಾಡಿದರು. ಒಂದೇ ಜಾಗದಲ್ಲಿ ಆಡಬಲ್ಲ ಇಬ್ಬರು ಎತ್ತರದ ಆಟಗಾರರು. ಒಬ್ಬ ಊರಿನ ಕಣ್ಮಣಿ, ಇನ್ನೊಬ್ಬ ನಿನ್ನೆ ಬಂದವನು. 1998-99ರ ಹೊತ್ತಿಗೆ ರಾಬಿನ್‌ಸನ್ ಸರಾಸರಿ 16ರ ಆಸುಪಾಸಿಗೆ ಇಳಿದಿತ್ತು, ಬುಟ್ಟಿಯ ಹತ್ತಿರದ ಜಾಗ ಡಂಕನ್‌ನದಾಗಿತ್ತು, ತಂಡಕ್ಕೆ ಮೊದಲ ಕಿರೀಟ ಸಿಕ್ಕಿತ್ತು. 2003ರ ಫೈನಲ್ಸ್‌ನ ಕೊನೆಯ ಪಂದ್ಯದಲ್ಲಿ ಡಂಕನ್ 21 ಅಂಕ, 20 ರೀಬೌಂಡ್, 10 ಅಸಿಸ್ಟ್, 8 ಬ್ಲಾಕ್ ಗಳಿಸಿದ್ದು ಎಲ್ಲರ ಬಾಯಲ್ಲಿದೆ. ಅದೇ ಪಂದ್ಯದಲ್ಲಿ, ತಮ್ಮ ಆಟದ ಬದುಕಿನ ಕೊನೆಯ ದಿನ, ರಾಬಿನ್‌ಸನ್ 17 ರೀಬೌಂಡ್ ಹಿಡಿದದ್ದನ್ನು ಕೂಡ ಅಷ್ಟೇ ಗೌರವದಿಂದ ನೆನೆಯಬೇಕು ಅನ್ನುವುದು ನನ್ನ ಹಟ.

ಇಲ್ಲಿ ಒಂದು ಆಕ್ಷೇಪ ಸಹಜ: ಎಲ್ಲವೂ ಮೊದಲ ಆಯ್ಕೆ ಯಾರಿಗೆಂದು ನಿರ್ಧರಿಸಿದ 1997ರ ಲಾಟರಿಯ ಕೃಪೆ ತಾನೆ? ಆ ವರ್ಷ ಮೊದಲ ಆಯ್ಕೆ ದಕ್ಕುವ ಹೆಚ್ಚಿನ ಸಂಭವ ಬಾಸ್ಟನ್ ಸೆಲ್ಟಿಕ್ಸ್‌ಗಿತ್ತು. ಚೀಟಿ ಅತ್ತ ಬಿದ್ದಿದ್ದರೆ ಸ್ಪರ್ಸ್ ಕಥೆಯೇ ಇರುತ್ತಿರಲಿಲ್ಲ. ಒಪ್ಪುತ್ತೇನೆ, ಡಂಕನ್ ಸಿಕ್ಕಿದ್ದು ಅದೃಷ್ಟ. ಆದರೆ ಮೊದಲ ಆಯ್ಕೆ ಪ್ರತಿ ವರ್ಷ ಯಾವುದಾದರೊಂದು ತಂಡಕ್ಕೆ ಸಿಗುತ್ತಲೇ ಇರುತ್ತದೆ. ಇಬ್ಬರು ಮಹಾನ್ ಆಟಗಾರರು ಒಂದೇ ತಂಡಕ್ಕೆ ಸಿಕ್ಕಾಗ ಏನಾಗುತ್ತದೆ ಎಂಬುದಕ್ಕೆ ಲಾಸ್ ಏಂಜಲೀಸ್ ಲೇಕರ್ಸ್ ಉದಾಹರಣೆ ಅದೇ ಕಾಲದಲ್ಲಿತ್ತು. ಶಕೀಲ್ ಓನೀಲ್, ಕೋಬಿ ಬ್ರಯಂಟ್ ಸೇರಿ 2000ದಿಂದ 2002ರವರೆಗೆ ಮೂರು ಕಪ್ ಗೆದ್ದರು. ತಂಡ ಯಾರದು ಎಂಬ ಪ್ರಶ್ನೆ ಎದ್ದಾಗ ಉತ್ತರ ಸಿಗಲಿಲ್ಲ. 2004ರ ಬೇಸಿಗೆಯಲ್ಲಿ ಓನೀಲ್ ಮಯಾಮಿಗೆ ಹೋದರು. ಪ್ರತಿಭೆಯಲ್ಲಿ ಆ ಜೋಡಿ ಸ್ಪರ್ಸ್‌ನ ಯಾವ ಜೋಡಿಗೂ ಕಡಿಮೆಯಿರಲಿಲ್ಲ, ನನ್ನ ಮಟ್ಟಿಗೆ ಹೆಚ್ಚೇ ಇತ್ತು. ಅಲ್ಲಿ ಸರಿಯುವವರಿರಲಿಲ್ಲ, ಅಷ್ಟೇ.

ಎರಡನೇ ಸಲ ಸರಿದವರು ಸ್ವತಃ ಡಂಕನ್. 2001-02ರಲ್ಲಿ ಪಂದ್ಯಕ್ಕೆ 25 ಅಂಕಕ್ಕೂ ಮೇಲೆ ಗಳಿಸುತ್ತಿದ್ದವರು ಹನ್ನೆರಡು ವರ್ಷದ ನಂತರ 15ಕ್ಕೆ ಬಂದಿದ್ದರು. ವಯಸ್ಸಿನ ಇಳಿತ ಅದರಲ್ಲಿ ಇದ್ದೇ ಇದೆ, ಆದರೆ ಬರೀ ಅದಲ್ಲ. 2011ರಲ್ಲಿ ಪಶ್ಚಿಮ ವಿಭಾಗದ ಮೊದಲ ಸ್ಥಾನದಲ್ಲಿದ್ದ ಸ್ಪರ್ಸ್ ಎಂಟನೇ ಸ್ಥಾನದ ಮೆಂಫಿಸ್‌ಗೆ ಮೊದಲ ಸುತ್ತಿನಲ್ಲೇ ಸೋತಿತು. ಡಂಕನ್ ಯುಗ ಮುಗಿಯಿತು ಎಂದು ಎಲ್ಲೆಡೆ ಮಾತು ಎದ್ದಿತ್ತು. ಬುಟ್ಟಿಗೆ ಬೆನ್ನು ಕೊಟ್ಟು ನಿಂತ ಡಂಕನ್‌ಗೆ ಚೆಂಡು ಕೊಟ್ಟು ಕಾಯುವ ಹಳೆಯ ಆಟ ಅದಕ್ಕೂ ಮೊದಲೇ ಮೆಲ್ಲಗೆ ಬದಲಾಗುತ್ತಿತ್ತು. ಪಾರ್ಕರ್‌ನ ಓಟವೇ ಆಟದ ನಡುವಾಯಿತು, ಡಂಕನ್ ಅವನಿಗೆ ತಡೆಗೋಡೆಯಾಗಿ ನಿಂತು ದಾರಿ ಬಿಡಿಸುವವರಾದರು. ಯಾವ ಪಾರ್ಕರ್? 2001ರಲ್ಲಿ ಇಪ್ಪತ್ತೆಂಟನೇ ಆಯ್ಕೆಯಾಗಿ ಹತ್ತೊಂಬತ್ತನೇ ವಯಸ್ಸಿಗೆ ಫ್ರಾನ್ಸ್‌ನಿಂದ ಬಂದ ಹುಡುಗ, 2003ರ ಕಿರೀಟ ಗೆದ್ದ ಬೆನ್ನಿಗೇ ತನ್ನ ಜಾಗಕ್ಕೆ ಜೇಸನ್ ಕಿಡ್‌ನನ್ನು ತರಲು ತನ್ನದೇ ತಂಡ ಓಡಾಡಿದ್ದನ್ನು ಕಂಡವನು. ಕಿಡ್ ಬರಲಿಲ್ಲ, ಪಾರ್ಕರ್ ಉಳಿದ. ಜಿನೊಬಿಲಿ ಮಾತಂತೂ ಇನ್ನೂ ದೊಡ್ಡದು. 1999ರಲ್ಲಿ ಐವತ್ತೇಳನೇ ಆಯ್ಕೆ, ಅಂದರೆ ಪಟ್ಟಿಯ ಕೊನೆಯಿಂದ ಎರಡನೆಯವನು. ಒಲಿಂಪಿಕ್ ಚಿನ್ನ ಗೆದ್ದು ಬಂದವನನ್ನು ಬೆಂಚಿನಿಂದ ಇಳಿಸುತ್ತೇನೆಂದು ಕೋಚ್ ಹೇಳಿದರೆ ಎಷ್ಟು ಜನ ಒಪ್ಪಿಯಾರು? ಜಿನೊಬಿಲಿ ತನ್ನ ಎನ್‌ಬಿಎ ಬದುಕಿನ ಮೂರನೇ ಒಂದರಷ್ಟು ಪಂದ್ಯಗಳನ್ನಷ್ಟೇ ಮೊದಲ ಐವರಲ್ಲಿದ್ದು ಆಡಿದ. 2014ರ ಐದನೇ ಪಂದ್ಯದಲ್ಲಿ, ಮೂವತ್ತಾರನೇ ವಯಸ್ಸಿನಲ್ಲಿ, ಬಾಷ್ ಎದುರಿಗಿದ್ದಂತೆಯೇ ಜಿಗಿದು ಚೆಂಡನ್ನು ಬುಟ್ಟಿಗೆ ತುರುಕಿದ ಜಿನೊಬಿಲಿ ಆ ದಿನವೂ ಬೆಂಚಿನಿಂದಲೇ ಎದ್ದು ಬಂದಿದ್ದ.

ಇದೆಲ್ಲಕ್ಕೂ ಗಟ್ಟಿಯಾದ ಆಕ್ಷೇಪವೊಂದಿದೆ, ಅದು ದುಡ್ಡಿನದು. 2012ರಲ್ಲಿ ಡಂಕನ್ ವರ್ಷಕ್ಕೆ ಸುಮಾರು 2.1 ಕೋಟಿ ಡಾಲರ್ ಸಂಬಳದಿಂದ ಸುಮಾರು 1 ಕೋಟಿಗೆ ಇಳಿದ ಒಪ್ಪಂದಕ್ಕೆ ಸಹಿ ಹಾಕಿದರು. ಲೀಗಿನ ಸಂಬಳ ಮಿತಿಯೊಳಗೆ ಡಿಯಾವ್, ಡ್ಯಾನಿ ಗ್ರೀನ್, ಪ್ಯಾಟಿ ಮಿಲ್ಸ್ ಮುಂತಾದವರನ್ನು ಒಟ್ಟಿಗೆ ಇಟ್ಟುಕೊಳ್ಳಲು ಇದು ನೆರವಾಯಿತು. ಇದನ್ನು ತ್ಯಾಗವೆಂದು ಹೊಗಳುವಾಗ ಎಚ್ಚರ ಬೇಕು ಎನ್ನುವವರ ಮಾತನ್ನು ನಾನು ಗಂಭೀರವಾಗಿಯೇ ಕೇಳುತ್ತೇನೆ. ಆಟಗಾರ ದುಡಿಯುವವನು, ಅವನ ದೇಹ ಸವೆಯುವುದು ಹದಿನೈದು ವರ್ಷದಲ್ಲಿ. ಅವನು ಬಿಟ್ಟುಕೊಟ್ಟ ದುಡ್ಡಿನಿಂದ ಲಾಭ ಮಾಡಿಕೊಳ್ಳುವ ಮಾಲೀಕನಿಗೆ ಯಾರೂ ತ್ಯಾಗ ಮಾಡು ಅನ್ನುವುದಿಲ್ಲ. ಒಬ್ಬ ಕಡಿಮೆಗೆ ಒಪ್ಪಿದರೆ ಮಿಕ್ಕವರ ಮೇಲೂ ಅದೇ ಒತ್ತಡ ಬೀಳುತ್ತದೆ. ಇದು ನ್ಯಾಯವಾದ ಮಾತು. ಸಂಬಳ ಕಡಿಮೆ ಮಾಡಿಕೊಂಡವನೇ ದೊಡ್ಡವನು ಎಂಬ ಅಳತೆಗೋಲನ್ನು ನಾನೂ ಹಿಡಿಯುವುದಿಲ್ಲ. ಡಂಕನ್ ಅದಾಗಲೇ ದೊಡ್ಡ ಮೊತ್ತ ಗಳಿಸಿದ್ದವರು, ಅವರಿಗೆ ಆ ಆಯ್ಕೆ ಸಾಧ್ಯವಿತ್ತು. ಆದರೆ ನನ್ನ ವಾದ ನಿಂತಿರುವುದು ಸಂಬಳದ ಮೇಲಲ್ಲ. ದುಡ್ಡು ಬಿಟ್ಟುಕೊಟ್ಟು ಚೆಂಡನ್ನು ಬಿಟ್ಟುಕೊಡದ ಆಟಗಾರರೂ ಇದ್ದಾರೆ. ಬಿಟ್ಟುಕೊಡಲು ಹೆಚ್ಚು ಕಷ್ಟವಾದದ್ದು ಪಂದ್ಯದ ಕೊನೆಯ ನಿಮಿಷದ ಚೆಂಡು, ಆಮೇಲೆ ಹಣೆಗೆ ಬರುವ ಹೆಸರು. ಡಂಕನ್ ಅದನ್ನು ಬಿಟ್ಟಿದ್ದರು.

ಸ್ಪರ್ಸ್ ನೀರಸ ತಂಡ ಎಂಬ ದೂರು ನಾನು ಅವರನ್ನು ನೋಡಿದಷ್ಟು ಕಾಲವೂ ಕೇಳಿಬಂತು. 2007ರಲ್ಲಿ ಕ್ಲೀವ್‌ಲ್ಯಾಂಡನ್ನು ನಾಲ್ಕಕ್ಕೆ ನಾಲ್ಕೂ ಪಂದ್ಯದಲ್ಲಿ ಸೋಲಿಸಿದ ಫೈನಲ್ಸ್ ಅಲ್ಲಿಯವರೆಗಿನ ಅತಿ ಕಡಿಮೆ ರೇಟಿಂಗ್ ಪಡೆಯಿತು. ಆ ವರ್ಷದ ಗೆಲುವಿನ ಮೇಲೆ ನನಗೂ ಒಂದು ಅಸಮಾಧಾನ ಉಳಿದಿದೆ: ಫೀನಿಕ್ಸ್ ವಿರುದ್ಧದ ಸರಣಿಯಲ್ಲಿ ರಾಬರ್ಟ್ ಹಾರಿ ಸ್ಟೀವ್ ನ್ಯಾಷ್‌ನನ್ನು ಸೊಂಟದಿಂದ ತಳ್ಳಿ ಬೀಳಿಸಿದಾಗ ಬೆಂಚು ಬಿಟ್ಟು ಮುಂದೆ ಬಂದರೆಂದು ಫೀನಿಕ್ಸ್‌ನ ಇಬ್ಬರನ್ನು ಲೀಗ್ ಒಂದು ಪಂದ್ಯ ಹೊರಗಿಟ್ಟಿತು. ಅವರಲ್ಲೊಬ್ಬ ಮುಂದೆ ಸ್ಪರ್ಸ್ ಸೇರಿದ ಇದೇ ಬೋರಿಸ್ ಡಿಯಾವ್. ಏಟು ಹೊಡೆದ ತಂಡಕ್ಕಿಂತ ಏಟು ತಿಂದ ತಂಡಕ್ಕೆ ಹೆಚ್ಚು ನಷ್ಟವಾಯಿತು. 2012ರ ನವೆಂಬರ್‌ನಲ್ಲಿ ಮಯಾಮಿ ಪಂದ್ಯಕ್ಕೆ ಮುನ್ನ ಪೊಪೊವಿಚ್ ಡಂಕನ್, ಪಾರ್ಕರ್, ಜಿನೊಬಿಲಿ, ಗ್ರೀನ್ ನಾಲ್ವರನ್ನೂ ಊರಿಗೆ ಕಳಿಸಿಬಿಟ್ಟರು. ಲೀಗ್ ತಂಡಕ್ಕೆ 2.5 ಲಕ್ಷ ಡಾಲರ್ ದಂಡ ಹಾಕಿತು. ಟಿಕೆಟ್ ಕೊಂಡು ಬಂದ ಪ್ರೇಕ್ಷಕನಿಗೆ ಅದು ಅನ್ಯಾಯವೇ. ಆದರೆ ಆಟದ ಮಟ್ಟಿಗೆ ನೋಡಿದರೆ, ಅಂದು ಅಂಗಣಕ್ಕಿಳಿದ ಹೆಸರಿಲ್ಲದವರು ಹಾಲಿ ಚಾಂಪಿಯನ್ನರ ಎದುರು ಐದೇ ಅಂಕದಿಂದ ಸೋತರು. ಹಿರಿಯರು ಕೂತಿದ್ದಾಗ ಕಿರಿಯರು ಆಡಿ ಕಲಿತದ್ದು 2014ರಲ್ಲಿ ಫಲ ಕೊಟ್ಟಿತು; ಆ ಫೈನಲ್ಸ್‌ನ ಕೊನೆಯ ಪಂದ್ಯದಲ್ಲಿ ಮಿಲ್ಸ್ ಬೆಂಚಿನಿಂದ ಬಂದು 17 ಅಂಕ ಹೊಡೆದ.

ಇಷ್ಟು ಹೇಳಿ 2013ರ ಜೂನ್ 18ನ್ನು ಬಿಟ್ಟರೆ ಆಗದು. ನನ್ನ ವಾದಕ್ಕೆ ವಿರುದ್ಧವಾಗಿ ಎತ್ತಬಹುದಾದ ಅತಿ ದೊಡ್ಡ ಸಾಕ್ಷ್ಯ ಅದೇ. ಮಯಾಮಿಯಲ್ಲಿ ಫೈನಲ್ಸ್‌ನ ಆರನೇ ಪಂದ್ಯ. ಸರಣಿಯಲ್ಲಿ ಸ್ಪರ್ಸ್ 3-2 ಮುಂದೆ. 28 ಸೆಕೆಂಡು ಉಳಿದಿದ್ದಾಗ ಐದು ಅಂಕದ ಮೇಲುಗೈ. ಕಪ್ ಪ್ರದಾನಕ್ಕೆಂದು ಅಂಗಣದ ಸುತ್ತ ಹಗ್ಗ ಕಟ್ಟಲು ಶುರುವಾಗಿತ್ತು. ಲೆಬ್ರಾನ್ ಮೂರು ಅಂಕದ ಎಸೆತ ಹಾಕಿದರು. ಸ್ಪರ್ಸ್‌ನ ಯುವ ಆಟಗಾರ ಕವಾಯ್ ಲೆನರ್ಡ್ ಎರಡು ಫ್ರೀ ಥ್ರೋಗಳಲ್ಲಿ ಒಂದನ್ನು ತಪ್ಪಿಸಿದ. ಮುಂದಿನ ಎಸೆತ ಲೆಬ್ರಾನ್ ತಪ್ಪಿಸಿದಾಗ ರೀಬೌಂಡ್ ಹಿಡಿದದ್ದು ಬಾಷ್. ಚೆಂಡು ಮೂಲೆಗೆ ಹೋಯಿತು, ಹಿಂದಕ್ಕೆ ಹೆಜ್ಜೆ ಹಾಕುತ್ತಲೇ ರೇ ಆ್ಯಲನ್ ಮೂರು ಅಂಕ ಹೊಡೆದರು, 95-95. ಹೆಚ್ಚುವರಿ ಅವಧಿಯಲ್ಲಿ ಮಯಾಮಿ ಗೆದ್ದಿತು, ಏಳನೆಯದನ್ನೂ ಗೆದ್ದಿತು. ಆ ರೀಬೌಂಡಿನ ಹೊತ್ತಿಗೆ ಡಂಕನ್ ಅಂಗಣದಲ್ಲಿರಲಿಲ್ಲ. ಮೂರು ಅಂಕದ ಎಸೆತಗಾರರನ್ನು ಹೊರಗಡೆಯೇ ತಡೆಯಲು ಚುರುಕು ಕಾಲಿನವರು ಬೇಕೆಂದು ಪೊಪೊವಿಚ್ ಅವರನ್ನು ಕೂರಿಸಿದ್ದರು. ಆ ಪಂದ್ಯದಲ್ಲಿ 30 ಅಂಕ, 17 ರೀಬೌಂಡ್ ಗಳಿಸಿದ್ದ ಮನುಷ್ಯ ಅದೇ ಕ್ಷಣದಲ್ಲಿ ಬೆಂಚಿನ ಮೇಲಿದ್ದರು. ಹಾಗಾದರೆ ಸರಿಯುವುದರಿಂದಲೇ ಸೋತಂತಾಯಿತಲ್ಲ ಎಂದರೆ, ಹೌದು, ಆ ದಿನದ ಸೋಲಿನಲ್ಲಿ ಅದರ ಪಾಲಿದೆ. ಪೊಪೊವಿಚ್ ತರ್ಕಕ್ಕೆ ಆಧಾರವಿತ್ತು, ಆದರೂ ನನ್ನ ಅಭಿಪ್ರಾಯದಲ್ಲಿ ಆ ನಿರ್ಧಾರ ತಪ್ಪು. ನಾನು ಗಮನಿಸುವುದು ಅದಾದ ಮೇಲೆ ನಡೆದದ್ದನ್ನು. ಡಂಕನ್ ಕೋಚ್ ಮೇಲೆ ಬಹಿರಂಗವಾಗಿ ಬೆರಳು ತೋರಿಸಲಿಲ್ಲ. ಫ್ರೀ ಥ್ರೋ ತಪ್ಪಿಸಿದ ಹುಡುಗನನ್ನು ಯಾರೂ ಬಲಿ ಕೊಡಲಿಲ್ಲ. ಮುಂದಿನ ಋತುವಿನ ಅಭ್ಯಾಸ ಶಿಬಿರದಲ್ಲಿ ಪೊಪೊವಿಚ್ ಇಡೀ ತಂಡವನ್ನು ಕೂರಿಸಿ ಆ ಸೋಲಿನ ಚಿತ್ರಣವನ್ನೇ ತೋರಿಸಿದರು. ತಪ್ಪನ್ನು ಒಬ್ಬನ ತಲೆಗೆ ಕಟ್ಟದ ತಂಡವಷ್ಟೇ ಆ ವಿಡಿಯೊವನ್ನು ಒಟ್ಟಿಗೆ ಕೂತು ನೋಡಬಲ್ಲದು.

ಮೂರನೇ ಸಲ ಎಲ್ಲರೂ ಸರಿದದ್ದು ಅದೇ ಲೆನರ್ಡ್‌ಗಾಗಿ. 2011ರಲ್ಲಿ ಜಾರ್ಜ್ ಹಿಲ್‌ನನ್ನು ಇಂಡಿಯಾನಾಗೆ ಕೊಟ್ಟು ಪಡೆದ ಹದಿನೈದನೇ ಆಯ್ಕೆಯ ಹುಡುಗ. 2014ರ ಫೈನಲ್ಸ್‌ನ ಮೊದಲೆರಡು ಪಂದ್ಯಗಳಲ್ಲಿ ತಲಾ 9 ಅಂಕ. ಆಮೇಲೆ 29, 20, 22. ಲೆಬ್ರಾನ್ ಎದುರು ರಕ್ಷಣೆಗೆ ನಿಂತದ್ದೂ ಹೆಚ್ಚಾಗಿ ಅವನೇ. ಇಪ್ಪತ್ತೆರಡನೇ ವಯಸ್ಸಿಗೆ ಫೈನಲ್ಸ್‌ನ ಅತ್ಯುತ್ತಮ ಆಟಗಾರನಾದ. ಗೆದ್ದದ್ದು ಅವನ ಪ್ರತಿಭೆಯೇ ಹೊರತು ಬೇರೇನಲ್ಲ ಎನ್ನುವವರಿದ್ದಾರೆ. ನಾಲ್ಕು ವರ್ಷ ಸತತವಾಗಿ ಫೈನಲ್ಸ್ ಆಡಿ ದಣಿದ ಮಯಾಮಿ, ಮೊಣಕಾಲು ನೋವಿನ ವೇಡ್, ಇವೇ ಕಾರಣ ಎನ್ನುವವರೂ ಇದ್ದಾರೆ. ಮಯಾಮಿ ಹಿಂದಿನ ವರ್ಷದಷ್ಟು ಬಲವಾಗಿರಲಿಲ್ಲ, ನಿಜ. ಆದರೆ ಆ ಸರಣಿಯಲ್ಲಿ ಲೆಬ್ರಾನ್ ಸರಾಸರಿ 28ರ ಮೇಲಿತ್ತು, ಎಸೆತಗಳಲ್ಲಿ ಅರ್ಧಕ್ಕೂ ಹೆಚ್ಚು ಬುಟ್ಟಿ ಸೇರುತ್ತಿದ್ದವು. ಅಂಥ ಆಟಗಾರ ಎದುರಿಗಿರುವಾಗ ಮೂರು ಪಂದ್ಯ ಹದಿನೈದಕ್ಕೂ ಹೆಚ್ಚು ಅಂಕಗಳ ಅಂತರದಲ್ಲಿ ಗೆಲ್ಲಲು ದಣಿವಿನ ವಿವರಣೆ ಸಾಲದು. ಲೆನರ್ಡ್ ವಿಷಯಕ್ಕೆ ಬಂದರೆ, ನಾಲ್ಕು ಕಪ್ ಗೆದ್ದಿದ್ದ ಮೂವತ್ತೆಂಟರ ಡಂಕನ್ ಪಕ್ಕದಲ್ಲೇ ಆಡುತ್ತಿದ್ದಾಗ ಇಪ್ಪತ್ತೆರಡರ ಹುಡುಗನಿಗೆ ಮುಂದೆ ನುಗ್ಗಲು ಜಾಗ ಸಿಕ್ಕಿತಲ್ಲ, ಆ ಜಾಗ ಪ್ರತಿಭೆಯೊಂದರಿಂದ ತಾನಾಗಿ ತೆರೆದುಕೊಳ್ಳುವುದಿಲ್ಲ. ಹಿರಿಯರು ಬಿಟ್ಟುಕೊಡಬೇಕು.

ವ್ಯವಸ್ಥೆಯೇ ಎಲ್ಲವೂ ಎನ್ನುವವರಿಗೆ ನನ್ನ ಕೊನೆಯ ಉತ್ತರ ಆಮೇಲಿನ ವರ್ಷಗಳಲ್ಲಿದೆ. ಡಂಕನ್ 2016ರಲ್ಲಿ ನಿವೃತ್ತರಾದರು. 2017-18ರಲ್ಲಿ ಲೆನರ್ಡ್ ತೊಡೆಯ ಗಾಯದಿಂದ ಒಂಬತ್ತೇ ಪಂದ್ಯ ಆಡಿದ. ಗಾಯದ ಬಗ್ಗೆಯೇ ಅವನಿಗೂ ತಂಡಕ್ಕೂ ಭಿನ್ನಾಭಿಪ್ರಾಯ ಬೆಳೆದು 2018ರಲ್ಲಿ ಟೊರಾಂಟೊಗೆ ಹೋದ, ಜೊತೆಗೆ ಗ್ರೀನ್ ಕೂಡ. ಮರುವರ್ಷವೇ ಟೊರಾಂಟೊ ಕಪ್ ಗೆದ್ದಿತು, ಫೈನಲ್ಸ್‌ನ ಅತ್ಯುತ್ತಮ ಆಟಗಾರ ಮತ್ತೆ ಲೆನರ್ಡ್. ಅದೇ 2018ರ ಬೇಸಿಗೆಯಲ್ಲಿ ಪಾರ್ಕರ್ ಷಾರ್ಲಟ್‌ಗೆ ಹೋದ, ಜಿನೊಬಿಲಿ ನಿವೃತ್ತನಾದ. ಲೆನರ್ಡ್‌ನನ್ನು ಇದಕ್ಕಾಗಿ ನಾನು ದೂಷಿಸುವುದಿಲ್ಲ. ತನ್ನ ದೇಹದ ಬಗ್ಗೆ ತೀರ್ಮಾನಿಸುವ ಹಕ್ಕು ಆಟಗಾರನದು. ಆದರೆ ಗಮನಿಸಿ: ಪೊಪೊವಿಚ್ ಅಲ್ಲೇ ಇದ್ದರು, ಆಡಳಿತ ಅದೇ ಇತ್ತು, ಪಾಸ್ ಕೊಡುವ ಪಾಠ ಅದೇ ಇತ್ತು, ಅರ್ಧ ಸೆಕೆಂಡಿನ ನಿಯಮವೂ ಇತ್ತು. 1998ರಿಂದ ಸತತ 22 ಋತು ಪ್ಲೇಆಫ್ ಮುಟ್ಟಿದ್ದ ತಂಡ 2020ರಲ್ಲಿ ಹೊರಗುಳಿಯಿತು, ಆಮೇಲಿನ ವರ್ಷಗಳಲ್ಲೂ ಹೊರಗೇ ಉಳಿದು 2023ರಲ್ಲಿ ಮತ್ತೊಂದು ಮೊದಲ ಆಯ್ಕೆಯಾಗಿ ವಿಕ್ಟರ್ ವೆಂಬನ್ಯಾಮ ಬರುವವರೆಗೆ ಕಾಯಬೇಕಾಯಿತು. ಪದ್ಧತಿಯೇ ಗೆದ್ದಿದ್ದರೆ ಪದ್ಧತಿ ಇದ್ದಷ್ಟು ದಿನ ಗೆಲುವೂ ಇರಬೇಕಿತ್ತು. ಇಲ್ಲದೆಹೋದದ್ದು ನಾಲ್ಕೈದು ಮನುಷ್ಯರು. ಹಾಗಾಗಿ 2014ರ ಕಪ್ಪನ್ನು ಯಾರ ಹೆಸರಿಗೆ ಬರೆಯಬೇಕೆಂದು ಯಾರಾದರೂ ಕೇಳಿದರೆ ನಾನು ಪೊಪೊವಿಚ್ ಹೆಸರಿಗಿಂತ ಮೊದಲು ರಾಬಿನ್‌ಸನ್, ಡಂಕನ್, ಜಿನೊಬಿಲಿ ಈ ಮೂವರ ಹೆಸರನ್ನು ಹೇಳುತ್ತೇನೆ. ಅವರಲ್ಲಿ ಮೊದಲನೆಯವರು ಆ ಕಪ್ ಬರುವುದಕ್ಕೆ ಹನ್ನೊಂದು ವರ್ಷ ಮೊದಲೇ ಆಟ ಬಿಟ್ಟಿದ್ದರು.